ಬ್ಯಾಂಡ್ ಹಾಕಿಸಿಕೊಂಡ ಲಿವರ್ ರೋಗಿಯ ಊಟ

ಯಕೃತ್ತು ವರ್ಷಗಟ್ಟಲೆ ಪೆಟ್ಟು ತಿಂದು, ಮಾಯ್ದ ಗಾಯದ ಕಲೆಗಳಿಂದಲೇ ತುಂಬಿ ಗಟ್ಟಿಯಾಗುವುದಕ್ಕೆ ಸಿರೋಸಿಸ್ ಎನ್ನುತ್ತಾರೆ. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆಗೆ ಬರುವ ಕೊಬ್ಬಿನ ಲಿವರ್ ಇದರ ಮುಖ್ಯ ಕಾರಣಗಳು. ಕರುಳಿನಿಂದ ಬರುವ ರಕ್ತಕ್ಕೆ ಗಟ್ಟಿ ಯಕೃತ್ತಿನೊಳಗೆ ದಾರಿ ಸಾಲದೆ ಒತ್ತಡ ಏರುತ್ತದೆ. ಆ ರಕ್ತ ಅನ್ನನಾಳದ ಕೆಳತುದಿಯ ಸಣ್ಣ ಸಿರೆಗಳ ಕಡೆ ತಿರುಗಿದಾಗ ಅವು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಎಂಡೋಸ್ಕೋಪಿಯ ಮೂಲಕ ಉಬ್ಬಿದ ಸಿರೆಯನ್ನು ಹೀರಿ ಹಿಡಿದು, ಅದರ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಬಿಗಿಯುವುದೇ ಇದಕ್ಕೆ ಚಿಕಿತ್ಸೆ. ಸಿರೆಗಳು ಪೂರ್ತಿ ಇಲ್ಲವಾಗುವ ತನಕ 2ರಿಂದ 4 ವಾರಕ್ಕೊಮ್ಮೆ ಇದನ್ನು ಮತ್ತೆ ಮಾಡಬೇಕಾಗುತ್ತದೆ.

ತಿಕೋಟಾ, ಬಬಲೇಶ್ವರ ಸುತ್ತಲಿನ ಹಳ್ಳಿಗಳವರು ದೊಡ್ಡ ಕಾಯಿಲೆ ಬಂದರೆ ವಿಜಯಪುರ ನಗರಕ್ಕೇ ಬರುತ್ತಾರೆ. ಜಿಲ್ಲಾ ಆಸ್ಪತ್ರೆ, ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಖಾಸಗಿ ದವಾಖಾನೆಗಳು ಎಲ್ಲವೂ ಅಲ್ಲಿವೆ. ಬ್ಯಾಂಡ್ ಹಾಕುವುದು ಹೆಚ್ಚಿನ ಹೊತ್ತು ಹಿಡಿಯುವ ಕೆಲಸವಲ್ಲ. ಆಮೇಲಿನ ವಾರಗಳೆಲ್ಲ ರೋಗಿಯ ಮನೆಯ ಅಡುಗೆಮನೆಯಲ್ಲೇ ಕಳೆಯುತ್ತವೆ, ಹೆಚ್ಚಿನ ತಪ್ಪುಗಳು ನಡೆಯುವುದೂ ಅಲ್ಲೇ.

ಬ್ಯಾಂಡ್ ಬಿದ್ದ ಭಾಗಕ್ಕೆ ರಕ್ತ ನಿಂತು ಅದು ಸಾಯುತ್ತದೆ. ಸಾಮಾನ್ಯವಾಗಿ 5ರಿಂದ 10 ದಿನದೊಳಗೆ ಬ್ಯಾಂಡಿನ ಸಮೇತ ಉದುರುತ್ತದೆ. ಉದುರಿದ ಜಾಗದಲ್ಲಿ ಹುಣ್ಣು ಉಳಿಯುತ್ತದೆ. ಅದು ಮಾಯಲು ಎರಡು-ಮೂರು ವಾರ ಬೇಕು. ಹಾಗಾಗಿ ಮೊದಲ ದಿನಗಳ ಊಟ ಮೆತ್ತಗಿರಬೇಕು. ಗಂಟಲಿಗೆ ಹೊಡೆದ ಮರಗಟ್ಟಿಸುವ ಔಷಧ ಇಳಿದ ಮೇಲೆ ವೈದ್ಯರ ಅಪ್ಪಣೆ ಪಡೆದು ಮೊದಲು ನೀರು, ಮಜ್ಜಿಗೆ, ತೆಳು ಅಂಬಲಿ. ಅದು ಸಲೀಸಾಗಿ ಇಳಿದರೆ ಹೆಸರುಬೇಳೆ ಕಿಚಡಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮೊಸರನ್ನ. ರಕ್ತಸ್ರಾವವಾಗುತ್ತಿದ್ದಾಗಲೇ ತುರ್ತಾಗಿ ಬ್ಯಾಂಡ್ ಹಾಕಿದ್ದರೆ ಊಟ ಶುರು ಮಾಡುವ ಹೊತ್ತನ್ನು ವೈದ್ಯರೇ ಹೇಳುತ್ತಾರೆ.

ವಿಜಯಪುರ ಭಾಗದಲ್ಲಿ ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಖಡಕ್ ರೊಟ್ಟಿಯ ಬಗ್ಗೆ. ಒಣಗಿದ ಜೋಳದ ರೊಟ್ಟಿ ಮುರಿದಾಗ ಅಂಚು ಚೂಪಾಗಿರುತ್ತದೆ. ಸರಿಯಾಗಿ ಅಗಿಯದೆ ನುಂಗಿದರೆ ಹಸಿ ಹುಣ್ಣನ್ನು ಕೆರೆಯಬಹುದು. ಹುಣ್ಣು ಮಾಯುವ ತನಕ ಅದು ಬೇಡ. ಬಿಸಿ ರೊಟ್ಟಿಯನ್ನೇ ಚೂರು ಮಾಡಿ ಬೇಳೆಯಲ್ಲೋ ಹಾಲಿನಲ್ಲೋ ನೆನೆಸಿ, ಬೆರಳಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗಾದ ಮೇಲೆ ಕೊಡಬಹುದು. ತರಿಯಾದ ಶೇಂಗಾ ಹಿಂಡಿಯನ್ನು ನುಣ್ಣಗೆ ಅರೆದು ಮೊಸರಿನಲ್ಲಿ ಕಲಸಬೇಕು. ಕುದಿಯುವ ಚಹಾ ಆರಲಿ.

ಮೆತ್ತಗಿನ ಊಟ ಎಂದರೆ ಕಡಿಮೆ ಊಟವಲ್ಲ. ಬಹಳಷ್ಟು ಮನೆಗಳಲ್ಲಿ ಪಥ್ಯದ ಹೆಸರಲ್ಲಿ ಬೇಳೆ, ಹಾಲು, ತತ್ತಿ, ಎಣ್ಣೆ ಒಂದೊಂದಾಗಿ ನಿಂತು, ತಿಂಗಳುಗಟ್ಟಲೆ ಗಂಜಿಯೊಂದೇ ಉಳಿಯುತ್ತದೆ. ರೋಗಿಗೆ ಹುಣ್ಣಿಗಿಂತ ದೊಡ್ಡ ಹಾನಿ ಇದರಿಂದಲೇ ಆಗುತ್ತದೆ. ಆರೋಗ್ಯವಂತ ಯಕೃತ್ತು ರಾತ್ರಿಯ ಉಪವಾಸಕ್ಕೆ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಸಿರೋಸಿಸ್ ಆದ ಯಕೃತ್ತಿಗೆ ಅದು ಆಗುವುದಿಲ್ಲ. ಒಂದು ರಾತ್ರಿ ಉಪವಾಸವಿದ್ದರೂ ಈ ರೋಗಿಯ ದೇಹ, ಆರೋಗ್ಯವಂತರು ಎರಡು-ಮೂರು ದಿನ ಉಪವಾಸವಿದ್ದಷ್ಟು ಸೊರಗಿ, ತನ್ನ ಸ್ನಾಯುವನ್ನೇ ಕರಗಿಸತೊಡಗುತ್ತದೆ. ಯಕೃತ್ತು ಸೋತಾಗ ರಕ್ತದ ಅಮೋನಿಯಾವನ್ನು ತೆಗೆಯಲು ನೆರವಾಗುವುದು ಸ್ನಾಯುಗಳೇ. ಅವು ಕರಗಿದರೆ ಅಮೋನಿಯಾ ಏರಿ ಮಂಪರು, ಗೊಂದಲ ಹೆಚ್ಚುತ್ತವೆ.

ಯುರೋಪಿನ ಯಕೃತ್ ತಜ್ಞರ ಸಂಘ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬೊಜ್ಜಿಲ್ಲದ ರೋಗಿಗೆ ಕಿಲೋ ತೂಕಕ್ಕೆ ದಿನಕ್ಕೆ 35 ಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಈ ಸೀಮೆಯ ಅಡುಗೆಯಲ್ಲೇ ಅದು ಸಿಗುತ್ತದೆ: 200 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 20 ಗ್ರಾಂ, 75 ಗ್ರಾಂ ಬೇಳೆಯಲ್ಲಿ 17, ಅರ್ಧ ಲೀಟರ್ ಹಾಲು-ಮೊಸರಿನಲ್ಲಿ 16, 40 ಗ್ರಾಂ ಶೇಂಗಾದಲ್ಲಿ 10, ಎರಡು ತತ್ತಿಯಲ್ಲಿ 12. ತತ್ತಿ ತಿನ್ನದವರು ಮಡಿಕೆ ಕಾಳು, ಜುಣಕ, ಪನೀರ್ ಹೆಚ್ಚಿಸಿಕೊಳ್ಳಬಹುದು.

ಪ್ರೋಟೀನ್ ಕೊಟ್ಟರೆ ಮಂಪರು ಬರುತ್ತದೆಂದು ಹಿಂದೆ ವೈದ್ಯರೂ ನಂಬಿದ್ದರು. ಬಾರ್ಸಿಲೋನಾದ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಪರು ಬಂದ ರೋಗಿಗಳಿಗೆ ಎಂದಿನಷ್ಟೇ ಪ್ರೋಟೀನ್ ಕೊಟ್ಟರೂ ತೊಂದರೆ ಹೆಚ್ಚಲಿಲ್ಲ. ಕಡಿಮೆ ಕೊಟ್ಟವರಲ್ಲಿ ದೇಹದ ಪ್ರೋಟೀನ್ ಹೆಚ್ಚು ಕರಗಿತು. ಹಾಲು ಮತ್ತು ಕಾಳುಗಳ ಪ್ರೋಟೀನ್ ಈ ರೋಗಿಗಳಿಗೆ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಮಂಪರು ತಡೆಯಲು ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದರೆ ದಿನಕ್ಕೆ ಎರಡು-ಮೂರು ಬಾರಿ ಮೆದುವಾಗಿ ಮಲವಿಸರ್ಜನೆಯಾಗುವಂತೆ ಅದನ್ನು ನಿಲ್ಲಿಸದೆ ಕುಡಿಯಬೇಕು.

ಮೂರು ಊಟದ ಜೊತೆಗೆ ಮಲಗುವ ಮುನ್ನ ಇನ್ನೊಂದು ತಿನಿಸು ಕಡ್ಡಾಯವೆಂದೇ ತಿಳಿಯಬೇಕು. ಅದರಲ್ಲಿ ಸುಮಾರು 50 ಗ್ರಾಂ ಪಿಷ್ಟ ಅಥವಾ ಸಕ್ಕರೆಯಂಶ ಇರಲಿ: ಹಾಲಿನಲ್ಲಿ ನೆನೆಸಿದ ರೊಟ್ಟಿ, ರವೆಯ ಗಂಜಿ, ಬಾಳೆಹಣ್ಣು ಮತ್ತು ಹಾಲು. ತಿಕೋಟಾ ಭಾಗದ ಮನೆಗಳಲ್ಲಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಕೊರತೆಯಿಲ್ಲ. ಒಂದು ಹಿಡಿ ಮಣೂಕ ನೆನೆಸಿ ಹಾಲಿನ ಜೊತೆ ಕೊಟ್ಟರೆ ಈ ಲೆಕ್ಕದ ಬಹುಭಾಗ ತುಂಬುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ಉಪವಾಸಗಳನ್ನು ವೈದ್ಯರ ಜೊತೆ ಮಾತಾಡದೆ ಹಿಡಿಯಲೇಬಾರದು.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ದಿನಕ್ಕೆ 5ರಿಂದ 6 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚೆಯಷ್ಟು ಸಾಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚೂಡಾ ಬಿಟ್ಟರೆ ಅರ್ಧ ಕೆಲಸ ಆಯಿತು. ಲಿಂಬೆರಸ, ಕೊತ್ತಂಬರಿ, ಜೀರಿಗೆ ರುಚಿ ಉಳಿಸುತ್ತವೆ. ಸಪ್ಪೆಯೆಂದು ರೋಗಿ ಊಟವನ್ನೇ ಬಿಟ್ಟರೆ ನಷ್ಟ ಹೆಚ್ಚು, ಆಗ ಉಪ್ಪನ್ನು ತುಸು ಸಡಿಲಿಸುವುದೇ ಮೇಲು.

ಮದ್ಯ ಒಂದು ಹನಿಯೂ ಸಲ್ಲದು. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆ ನುಂಗುವುದು, ಇಂಜೆಕ್ಷನ್ ಹಾಕಿಸಿಕೊಳ್ಳುವುದು ರಕ್ತಸ್ರಾವಕ್ಕೂ ಮೂತ್ರಪಿಂಡದ ಹಾನಿಗೂ ದಾರಿ. ಕಾಮಾಲೆಗೆ ಕೊಡುವ ಹೆಸರಿಲ್ಲದ ಗಿಡಮೂಲಿಕೆ ಔಷಧವೂ ಬೇಡ.

ಬ್ಯಾಂಡ್ ಹಾಕಿದ ದಿನ, ಮರುದಿನ ಎದೆಯಲ್ಲಿ ಸಣ್ಣ ನೋವು, ನುಂಗಲು ತುಸು ಕಷ್ಟ ಸಹಜ. ಬ್ಯಾಂಡ್ ಉದುರಿ ಹುಣ್ಣು ಮಾಯುವ ಎರಡು-ಮೂರು ವಾರಗಳಲ್ಲಿ ಕಣ್ಣಿಟ್ಟಿರಬೇಕು. ಡಾಂಬರಿನಂತೆ ಕಪ್ಪಗಿನ ಮಲ, ರಕ್ತವಾಂತಿ, ತಲೆಸುತ್ತು, ಹಗಲು ನಿದ್ದೆ ರಾತ್ರಿ ಎಚ್ಚರ, ಅಸಂಬದ್ಧ ಮಾತು ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯದೆ 108ಕ್ಕೆ ಕರೆ ಮಾಡಿ ವಿಜಯಪುರದ ಆಸ್ಪತ್ರೆ ಸೇರಬೇಕು. ಎಲ್ಲ ಸರಿಯಿದ್ದರೂ ಮುಂದಿನ ಎಂಡೋಸ್ಕೋಪಿಯ ದಿನ ತಪ್ಪಿಸಬಾರದು. ಅಂದು ತೂಕದ ಜೊತೆಗೆ ತೋಳಿನ ಸುತ್ತಳತೆಯನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು. ಹೊಟ್ಟೆಯ ನೀರಿನಿಂದ ತೂಕ ಏರಿದ್ದರೂ ತೋಳು ಸಣ್ಣಗಾಗುತ್ತಿದ್ದರೆ ಊಟ ಸಾಲುತ್ತಿಲ್ಲವೆಂದೇ ಅರ್ಥ.