ಹಳೇ ಕೋಟು ತೊಟ್ಟು ಊರನ್ನೇ ಹಿಡಿದವನು!

ನಂಬುತ್ತೀರಾ? ಜೈಲಿನಿಂದ ಹೊರಬಂದ ಐವತ್ತೇಳು ವರ್ಷದ ಒಬ್ಬ ಬೂಟು ಹೊಲಿಯುವವನು, ಹಳೇ ಬಟ್ಟೆ ಅಂಗಡಿಯಲ್ಲಿ ಕೊಂಡ ಕ್ಯಾಪ್ಟನ್ ಸಮವಸ್ತ್ರ ತೊಟ್ಟು ದಾರಿಯಲ್ಲಿ ಸಿಕ್ಕ ಸಿಪಾಯಿಗಳಿಗೆ ಹಿಂದೆ ಬನ್ನಿ ಎನ್ನುತ್ತಾನೆ. ಬರುತ್ತಾರೆ! ರೈಲು ಹತ್ತು ಎಂದರೆ ಹತ್ತುತ್ತಾರೆ! ಬರ್ಲಿನ್ ಪಕ್ಕದ ಕೋಪೆನಿಕ್ ಪಟ್ಟಣದಲ್ಲಿ ಇಳಿದು ಪುರಭವನಕ್ಕೆ ಕಾವಲು ಹಾಕಿಸಿ, ಮೇಯರನ್ನೇ ಬಂಧಿಸಿ, ಖಜಾನೆಯ ಹಣ ಎಣಿಸಿಕೊಂಡು, ರಶೀದಿಗೆ ಸಹಿಯನ್ನೂ ಮಾಡಿ ಮಾಯವಾಗುತ್ತಾನೆ. ಸಹಿ ಯಾರದ್ದು ಗೊತ್ತೇ? ತನ್ನನ್ನು ಕೂಡಿಹಾಕಿದ್ದ ಜೈಲಿನ ಅಧಿಕಾರಿಯ ಹೆಸರಿನದ್ದು!

ಇದು ಯಾವ ಚಿತ್ರಕಥೆಗಾರನ ತಲೆಯಿಂದಲೂ ಬಂದದ್ದಲ್ಲ. 1906ರ ಅಕ್ಟೋಬರ್ 16ರಂದು ನಿಜಕ್ಕೂ ನಡೆದದ್ದು. ಆತ ವಿಲ್ಹೆಲ್ಮ್ ಫೋಕ್ಟ್. ಹತ್ತು ದಿನದಲ್ಲಿ ಸಿಕ್ಕಿಬಿದ್ದ, ನಾಲ್ಕು ವರ್ಷ ಶಿಕ್ಷೆಯಾಯಿತು. ಆದರೆ ಜಗತ್ತೆಲ್ಲ ನಗುತ್ತಿರುವಾಗ ಚಕ್ರವರ್ತಿ ಕೈಸರ್ 1908ರಲ್ಲಿ ಕ್ಷಮಾದಾನ ಕೊಟ್ಟುಬಿಟ್ಟ!

ಕಾರ್ಲ್ ತ್ಸುಕ್‌ಮಾಯರ್ ಇದನ್ನು ನಾಟಕವಾಗಿಸಿದ. 1931ರಲ್ಲಿ ಬರ್ಲಿನ್ನಿನ ರಂಗಕ್ಕೆ ಬಂತು. ಅವನ ಜಾಣತನ ನೋಡಿ. ನಿಜವಾದ ಫೋಕ್ಟ್ ದುಡ್ಡು ಹೊತ್ತೊಯ್ದ. ನಾಟಕದ ಫೋಕ್ಟ್‌ಗೆ ಬೇಕಿರುವುದು ಒಂದು ಪಾಸ್‌ಪೋರ್ಟ್. ಕೆಲಸವಿಲ್ಲದೆ ವಾಸದ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಕೆಲಸವಿಲ್ಲ! ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತವರಿಗೆಲ್ಲ ಈ ಸುಳಿ ಗೊತ್ತು. ಇನ್ನು ಆ ಕೋಟು! ದರ್ಜಿ ಅದನ್ನು ಹೊಲಿದದ್ದು ಒಬ್ಬ ನಿಜವಾದ ಕ್ಯಾಪ್ಟನ್‌ಗೆ. ಆಮೇಲೆ ಅದು ಕೋಪೆನಿಕ್ಕಿನ ಮೇಯರ್ ಆಗಲಿರುವವನ ಮೈಗೇರುತ್ತದೆ, ಕೊನೆಗೆ ಹಳೇ ಬಟ್ಟೆ ಅಂಗಡಿಗೆ ಬೀಳುತ್ತದೆ. ಅಂದರೆ ಮೇಯರನನ್ನು ಬಂಧಿಸುವುದು ಅವನೇ ಬಿಸುಟ ಕೋಟು! ಇಷ್ಟೆಲ್ಲ ಮಾಡಿದ ಮೇಲೆ ಆ ಪುರಭವನದಲ್ಲಿ ಪಾಸ್‌ಪೋರ್ಟ್ ವಿಭಾಗವೇ ಇಲ್ಲ! ಅಂದಹಾಗೆ, ಸೇನೆಯ ಕವಾಯತು ಈ ಫೋಕ್ಟ್‌ಗೆ ಕಲಿಸಿದ್ದು ಯಾರು? ಜೈಲಿನವರೇ. ಕೈದಿಗಳಿಂದ, ಜರ್ಮನ್ನರು ಫ್ರೆಂಚರನ್ನು ಸೋಲಿಸಿದ ಸೆಡಾನ್ ಯುದ್ಧದ ಅಣಕು ಕದನ ಆಡಿಸುವ ಅಧಿಕಾರಿಯ ಕೃಪೆ.

ಅದೇ 1931ರಲ್ಲಿ ರಿಚರ್ಡ್ ಓಸ್ವಾಲ್ಡ್ ಇದರ ಸಿನಿಮಾ ಮಾಡಿದ. ನಾತ್ಸಿಗಳು ನಾಟಕವನ್ನು ನಿಷೇಧಿಸಿದರು, ತ್ಸುಕ್‌ಮಾಯರ್ ದೇಶ ಬಿಟ್ಟ. ಸಮವಸ್ತ್ರವನ್ನು ನೋಡಿ ನಗುವವರನ್ನು ಅವರು ಸಹಿಸಿಯಾರೇ?

ನನ್ನನ್ನು ಬೆರಗಾಗಿಸಿದ್ದು ಮಾತ್ರ ಹೆಲ್ಮುಟ್ ಕೊಯ್ಟ್ನರ್ ನಿರ್ದೇಶಿಸಿದ 1956ರ ಬಣ್ಣದ ಚಿತ್ರ. ಅದು ತೆರೆಕಂಡ ಹೊತ್ತು ನೋಡಿ: ಪಶ್ಚಿಮ ಜರ್ಮನಿ ಹೊಸ ಸೇನೆ ಕಟ್ಟಿ ವರ್ಷ ತುಂಬಿಲ್ಲ, ಕಡ್ಡಾಯ ಸೈನಿಕ ಸೇವೆಯ ಕಾನೂನು ಆಗತಾನೇ ಜುಲೈನಲ್ಲಿ ಪಾಸಾಗಿದೆ. ಆಗಸ್ಟ್‌ನಲ್ಲಿ ಈ ನಗೆಬಾಂಬು! ಫೋಕ್ಟ್ ಆಗಿ ಹೈನ್ಸ್ ರೂಮಾನ್, ಹಗುರ ಹಾಸ್ಯದಿಂದ ಮನೆಮಾತಾಗಿದ್ದ ನಟ. ಇಲ್ಲಿ ಅವನು ನಗಿಸಲು ಏನನ್ನೂ ಮಾಡುವುದಿಲ್ಲ. ಕುಗ್ಗಿದ ಹೆಗಲಿನ ಆ ಮುದುಕ ಕೋಟಿನೊಳಗೆ ನೆಟ್ಟಗಾಗುವುದನ್ನು ನೋಡುವಾಗ ನಗು ಬರುತ್ತದೆ, ಜೊತೆಗೆ ಹೊಟ್ಟೆಯಲ್ಲಿ ಸಂಕಟವೂ.

ವಿದೇಶಿ ಭಾಷಾ ಚಿತ್ರಕ್ಕೆ ಆಸ್ಕರ್‌ನಲ್ಲಿ ಸ್ಪರ್ಧೆ ಶುರುವಾದ ಮೊದಲ ವರ್ಷವೇ ಇದು ನಾಮನಿರ್ದೇಶನಗೊಂಡಿತು. ಗೆದ್ದದ್ದು ಫೆಲಿನಿಯ 'ಲಾ ಸ್ತ್ರಾದಾ'. ಅದಕ್ಕೆ ಸೋಲುವುದೇನೂ ಅವಮಾನವಲ್ಲ ಬಿಡಿ! ಚಿತ್ರದ ಹೆಸರು 'ಡೆರ್ ಹೌಪ್ಟ್‌ಮನ್ ಫಾನ್ ಕೋಪೆನಿಕ್'. ಸಬ್‌ಟೈಟಲ್ ಇರುವ ಪ್ರತಿ ಎಲ್ಲಾದರೂ ಸಿಕ್ಕಿತೋ, ದಯವಿಟ್ಟು ಬಿಡಬೇಡಿ.