ಹಿಂದಿನ ಚಕ್ರ ಕಾದರೆ ಎಚ್ಚರ

ತಿಗನಾರೆಯಲ್ಲಿ ತರಕಾರಿ ತುಂಬಿದ ಪಿಕಪ್ ಗಾಡಿಗೆ ಮಾರುಕಟ್ಟೆ ಸೇರಲು ಎರಡು ದಾರಿ. ಚಾಮರಾಜನಗರದ ಕಡೆಗೆ ಹೋದರೆ ದೊಡ್ಡ ಘಾಟಿ ಇಲ್ಲ. ಸತ್ಯಮಂಗಲದ ಕಡೆಗೆ ಹೋದರೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿದು ಬಣ್ಣಾರಿ ಮುಟ್ಟಬೇಕು. ಹಿಂದಿನ ಬ್ರೇಕು ಕಾಯುತ್ತಿದೆ ಎಂದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ದಾರಿಯಲ್ಲಿ?

ಘಾಟಿ ಇಳಿದ ಮೇಲೆ ಎಡಬಲ ಎರಡೂ ಸಮನಾಗಿ ಬಿಸಿಯಾಗಿದ್ದರೆ ಅದು ಸಹಜ. ಬಯಲು ರಸ್ತೆಯಲ್ಲಿ, ಬ್ರೇಕು ಹೆಚ್ಚು ತುಳಿಯದಿದ್ದರೂ ಬಿಸಿಯಾದರೆ, ಕಾಲು ತೆಗೆದ ಮೇಲೂ ಲೈನಿಂಗು ಡ್ರಮ್ಮನ್ನು ಬಿಡದೆ ಉಜ್ಜುತ್ತಿದೆ ಎಂದರ್ಥ. ಇಂಥ ಗಾಡಿ ಘಾಟಿಯ ಬಾಯಿಗೆ ಬರುವಾಗಲೇ ಕಾದಿರುತ್ತದೆ. ಇಳಿಜಾರಿನ ಶಾಖವೂ ಸೇರಿದರೆ ಲೈನಿಂಗು ಹಿಡಿತ ಕಳೆದುಕೊಳ್ಳುತ್ತದೆ; ಬ್ರೇಕ್ ಆಯಿಲ್ ಕುದಿದು ಪೆಡಲು ತಳಕ್ಕಿಳಿಯಬಹುದು.

ಪರೀಕ್ಷೆ ಸುಲಭ. ಸಮತಟ್ಟಾದ ರಸ್ತೆಯಲ್ಲಿ ಐದಾರು ಕಿ.ಮೀ. ಓಡಿಸಿ, ಆದಷ್ಟು ಬ್ರೇಕು ಹಾಕದೆ ನಿಲ್ಲಿಸಿ. ಅಂಗೈ ಹಿಂಭಾಗವನ್ನು ಚಕ್ರದ ಹತ್ತಿರ ಹಿಡಿದು ಎರಡೂ ಕಡೆ ಹೋಲಿಸಿ. ಮುಟ್ಟಬೇಡಿ, ಚರ್ಮ ಸುಡುತ್ತದೆ. ಒಂದೇ ಕಡೆ ಬಿಸಿಯಾದರೆ ಆ ಚಕ್ರದ ಸಿಲಿಂಡರು, ಸ್ಪ್ರಿಂಗು, ಬೇರಿಂಗು ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ನೋಡಬೇಕು. ಎರಡೂ ಕಾದರೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿದೆಯೇ, ಪೆಡಲಿಗೆ ತುಸು ಆಟವಿದೆಯೇ, ಹಿಂದಿನ ಅಚ್ಚಿಗೆ ಹೋಗುವ ರಬ್ಬರ್ ಪೈಪು ಒಳಗೆ ಊದಿಕೊಂಡಿದೆಯೇ ಎಂದು ನೋಡಬೇಕು. ಕೆಸರು ಹೊಲದಲ್ಲಿ ಓಡುವ ಗಾಡಿಯ ಕೇಬಲ್ ಕವಚದೊಳಗೆ ನೀರು ಸೇರಿ ತುಕ್ಕು ಹಿಡಿಯುವುದು ಸಾಮಾನ್ಯ.

ಮುಂದಿನದನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯ ಹಿಂಭಾಗವನ್ನು ಎತ್ತಿ ಗಟ್ಟಿ ಆಧಾರದ ಮೇಲೆ ಕೂರಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ತಿರುಗಿಸಲಿ. ಬಿಗಿಯಾಗಿದ್ದರೆ ಮೊದಲು ಕೇಬಲ್ ಸಡಿಲಿಸಲಿ; ಚಕ್ರ ಹಗುರಾದರೆ ದೋಷ ಅಲ್ಲೇ ಇದೆ. ಆಗದಿದ್ದರೆ ಆಯಿಲ್ ಬಿಡುವ ನಿಪ್ಪಲ್ ತುಸು ತೆರೆಯಲಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ: ರಬ್ಬರ್ ಪೈಪು ಅಥವಾ ಮಾಸ್ಟರ್ ಸಿಲಿಂಡರಿನ ದೋಷ. ಆಗಲೂ ಬಿಡದಿದ್ದರೆ ಡ್ರಮ್ಮು ಬಿಚ್ಚಲೇಬೇಕು.

ಬರಿಯ ಶೂ ಸಡಿಲಿಸಿ ಕಳಿಸುವ ಅಗ್ಗದ ರಿಪೇರಿಗೆ ಒಪ್ಪಬೇಡಿ. ಬಿಸಿ ತಾತ್ಕಾಲಿಕವಾಗಿ ತಗ್ಗಬಹುದು, ಆದರೆ ದೋಷ ಉಳಿಯುತ್ತದೆ, ಪೆಡಲು ಇನ್ನೂ ಆಳಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ತೇವ ಹೀರಿದ್ದಕ್ಕೆ ಆ ಮಿತಿ 140 ಮಾತ್ರ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಆರೋಗ್ಯದ ಮಾತೂ ಉಂಟು. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ದೂರವಿಡಿ. ಕಾದ ಡ್ರಮ್ಮಿಗೆ ನೀರು ಸುರಿದರೆ ಅದು ಬಿರಿಯಬಹುದು, ತಾನಾಗಿಯೇ ಆರಲಿ.

ಏರಲು ಹಾಕುವ ಗೇರಿನಲ್ಲೇ ಘಾಟಿ ಇಳಿಯಿರಿ, ನ್ಯೂಟ್ರಲ್ ಬೇಡ. ಬಯಲಿನಲ್ಲೇ ಚಕ್ರ ಕಾಯುವ ಗಾಡಿಯನ್ನು ರಿಪೇರಿಯಾಗುವ ತನಕ ದಿಂಬಂ ಕಡೆಗೆ ತಿರುಗಿಸಲೇಬೇಡಿ. ಕೋಸು ಒಂದು ದಿನ ತಡವಾಗಿ ಮಾರಾಟವಾದರೆ ಆಗುವ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಗಾಡಿಯಲ್ಲಿ ಕುಳಿತ ಮನೆಯವರ ಜೀವಕ್ಕೆ ಮುಂದಿನ ಬೆಳೆ ಎಂಬುದಿಲ್ಲ.