ಬೀಳದಿರಲು ಕಲಿಸುವ ತೈ ಚಿ

ಹಿಂದಕ್ಕೆ ತಿರುಗುವಾಗ, ಮೇಲಿನ ಕಪಾಟಿಗೆ ಕೈ ಚಾಚುವಾಗ ಆಯ ತಪ್ಪಿ ಬಿದ್ದುಬಿಟ್ಟರೆ? ಪಾರ್ಕಿನ್ಸನ್ ಕಾಯಿಲೆ ಇರುವ ಎಷ್ಟೋ ಜನರನ್ನು ಕಾಡುವ ಭಯ ಇದು.

ಇಲ್ಲಿ ನೆರವಾಗಬಲ್ಲದು ಚೀನಾದ ತೈ ಚಿ. ಮೂಲದಲ್ಲಿ ಇದೊಂದು ಯುದ್ಧಕಲೆ. ಮಂಡಿ ತುಸು ಬಗ್ಗಿಸಿ, ಮೈಭಾರವನ್ನು ಮೆಲ್ಲಗೆ ಒಂದು ಕಾಲಿಗೆ ತರುತ್ತಾರೆ. ಆಮೇಲೆಯೇ ಇನ್ನೊಂದು ಕಾಲು ನೆಲ ಬಿಡುವುದು. ಸೊಂಟ ತಿರುಗುತ್ತದೆ, ಕೈ ಅದನ್ನು ಹಿಂಬಾಲಿಸುತ್ತದೆ. ವಾಲಬಹುದಾದ ಕೊನೆಯ ಅಂಚಿನವರೆಗೂ ಹೋಗಿ, ಹತೋಟಿ ತಪ್ಪದೆ ಮರಳುವ ತಾಲೀಮು ಇದು. ನಿಧಾನವಾಗಿ ಮಾಡುವುದರಿಂದಲೇ ತೊಡೆಗೂ ಪಾದದ ಕೀಲಿಗೂ ಒಳ್ಳೆಯ ಕೆಲಸ!

2012ರಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕ ಫುಝೋಂಗ್ ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 195 ಪಾರ್ಕಿನ್ಸನ್ ರೋಗಿಗಳಿದ್ದರು. ಕೆಲವರು ತೈ ಚಿ, ಕೆಲವರು ಸ್ನಾಯುಬಲದ ವ್ಯಾಯಾಮ, ಉಳಿದವರು ಸ್ಟ್ರೆಚಿಂಗ್ ಮಾಡಿದರು: ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, 24 ವಾರ. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ತೈ ಚಿ ಮಾಡಿದವರು ಬಿದ್ದದ್ದು ಕಡಿಮೆ. ಸಮತೋಲನದಲ್ಲಿ ಅವರು ಸ್ನಾಯುಬಲದ ವ್ಯಾಯಾಮ ಮಾಡಿದವರನ್ನೂ ಮೀರಿಸಿದರು. ನನಗೆ ತುಂಬ ಭರವಸೆ ಕೊಟ್ಟದ್ದು ಇನ್ನೊಂದು ಸಂಗತಿ: ತರಗತಿ ಮುಗಿದು 3 ತಿಂಗಳಾದರೂ ಆ ಲಾಭ ಉಳಿದಿತ್ತು.

ಮಂಡಿ ಸವೆತದ ನೋವಿಗೂ ಅಷ್ಟೇ. 2016ರ ಬಾಸ್ಟನ್ ಅಧ್ಯಯನದಲ್ಲಿ ತೈ ಚಿ, ಫಿಸಿಯೋಥೆರಪಿಯಷ್ಟೇ ನೋವು ತಗ್ಗಿಸಿತು.

ಆದರೆ ಈ ಕಾಯಿಲೆಗಳನ್ನು ತೈ ಚಿ ವಾಸಿ ಮಾಡುವುದಿಲ್ಲ, ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ, ಬಲ್ಲವರ ಹತ್ತಿರ ಕಲಿಯಿರಿ. ನಿಲ್ಲುವುದು ಕಷ್ಟವಾದರೆ ಕುರ್ಚಿಯಲ್ಲಿ ಕೂತು ಮಾಡುವ ಕ್ರಮವೂ ಇದೆ.